ಮ್ಯಾಪ್ ಕಣ್ಣಿಗೆ ನಾನೂ ಒಂದು ಕಾರು
ಇವತ್ತು ಮತ್ತೆ ಅದೇ ಕಥೆ. ‘12 ನಿಮಿಷ ಉಳಿಯುತ್ತದೆ’ ಎಂದು ಫೋನಿನ ಮ್ಯಾಪ್ ಆಸೆ ತೋರಿಸಿತು. ನಂಬಿ ತಿರುಗಿಸಿದೆ. ಎದುರಿಗೆ ರೈಲ್ವೆ ಸೇತುವೆ, ಬೋರ್ಡಿನಲ್ಲಿ 3.5 ಮೀಟರ್. ನನ್ನ ಲಾರಿ 3.8. ಹಿಂದೆ ನಿಂತ ಕಾರುಗಳ ಹಾರ್ನ್ ಕೇಳಿಸಿಕೊಳ್ಳುತ್ತಾ ಅರ್ಧ ಗಂಟೆ ರಿವರ್ಸ್ ತೆಗೆದೆ.

ಪಾಪ, ಅದಕ್ಕೆ ನಾನು ಕಾರೋ ಲಾರಿಯೋ ಹೇಗೆ ಗೊತ್ತಾಗಬೇಕು? ಲಾರಿಗೆಂದೇ ಇರುವ ಆ್ಯಪ್‌ಗಳು ಮೊದಲು ಎತ್ತರ, ಅಗಲ, ಉದ್ದ, ತೂಕ ಕೇಳುತ್ತವೆ, ಆಮೇಲೆ ದಾರಿ ಹೇಳುತ್ತವೆ. ಜನರೇ ಸೇರಿ ಮಾಹಿತಿ ತುಂಬುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಮ್ಯಾಪ್‌ನಲ್ಲಿ ಸೇತುವೆಯ ಎತ್ತರ ಬರೆಯಲು ಜಾಗವೇನೋ ಇದೆ. ಯಾರಾದರೂ ಬರೆದಿರಬೇಕಲ್ವಾ! ಬರೆಯದಿದ್ದರೆ ಆ್ಯಪ್ ಪಾಲಿಗೆ ಅಲ್ಲಿ ಅಡ್ಡಿಯೇ ಇಲ್ಲ.

ಇನ್ನೊಂದು ಮಜಾ ಇದೆ. ಲೋಡ್ ಇದ್ದಾಗ ಸ್ಪ್ರಿಂಗ್ ಕುಸಿದು ಲಾರಿ ತುಸು ತಗ್ಗುತ್ತದೆ, ಖಾಲಿಯಾದರೆ ಮೇಲೇಳುತ್ತದೆ. ಹೋಗುವಾಗ ನುಸುಳಿದ ಸೇತುವೆಯೇ ಬರುವಾಗ ತಲೆ ಸವರಬಹುದು. ಕೆಳಗೆ ಹೊಸ ಡಾಂಬರು ಬಿದ್ದರಂತೂ ಎತ್ತರ ಇನ್ನೂ ಕಮ್ಮಿ, ಬೋರ್ಡ್ ಮಾತ್ರ ಹಳೇದೇ. ಇದನ್ನೆಲ್ಲ ಯಾವ ಆ್ಯಪ್ ಲೆಕ್ಕ ಹಾಕುತ್ತದೆ?

ಸಂಜೆ ಟೇಪ್ ಹಿಡಿದು, ಟಾರ್ಪಾಲ್ ಸಮೇತ ಅಳೆದೆ. 3.86! ಚೀಟಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿದ್ದೇನೆ. ಇಷ್ಟು ದಿನ ಸುಮ್ನೆ 3.8 ಅಂದುಕೊಂಡು ಓಡಿಸುತ್ತಿದ್ದೆ.