ಬೆಳೆಯಬೇಕಾದ ಗೋಡಂಬಿ ಕುಗ್ಗಿದ್ದೇಕೆ?

ಎರಡು ವಾರ ನಿದ್ದೆ ಕೆಡಿಸಿದ ಲೆಕ್ಕ ಭಾನುವಾರ ಬೆಳಿಗ್ಗೆ ತಾಳೆಯಾಯಿತು! ಬೀಜ ಹೇಗೆ ಬೆಳೆಯುತ್ತದೆಂದು ಅಳೆಯಲು ಚಿಂತಾಮಣಿ ಬಳಿಯ ನಮ್ಮ ತೋಟದ ಎರಡು ಗೋಡಂಬಿ ಗಿಡಗಳಲ್ಲಿ 12 ಬೀಜಗಳಿಗೆ ಬಣ್ಣದ ದಾರ ಕಟ್ಟಿ ಗುರುತಿಟ್ಟಿದ್ದೆ. ಕಾಯಿ ಕಚ್ಚಿದ 32ನೇ ದಿನ 36 ಮಿಲಿಮೀಟರ್ ಇದ್ದ ಬೀಜ 45ನೇ ದಿನಕ್ಕೆ 33ಕ್ಕೆ ಇಳಿದಿತ್ತು.

ಮೊದಲ ಅನುಮಾನ ಅಳೆಯುವ ಕ್ಯಾಲಿಪರ್ ಮೇಲೆ. ಒಂದೇ ನಾಣ್ಯವನ್ನು ಹತ್ತು ಸಲ ಅಳೆದೆ, ಹತ್ತು ಸಲವೂ ಒಂದೇ ಅಳತೆ. ಗೋಡಂಬಿಯ ರಸ ಹೀರುವ ಟೀ ಸೊಳ್ಳೆ ಎಂಬ ಕೀಟ ಚುಚ್ಚಿದ ಕಲೆ ಹುಡುಕಿದೆ, ಒಂದೂ ಇಲ್ಲ. ಆಗ ನರ್ಸರಿಯವರ ಮೇಲೆ ಸಿಟ್ಟು ಬಂತು. ಆ ಎರಡೂ ಕಸಿ ಗಿಡಗಳಿಗೆ ಚಿಂತಾಮಣಿ-1 ತಳಿ ಎಂದೇ ಚೀಟಿ ಕಟ್ಟಿ ಮಾರಿದ್ದರು. ಈಗ ನೋಡಿದರೆ ಒಂದರ ಹಣ್ಣು ಹಳದಿ, ಇನ್ನೊಂದರದು ಕೆಂಪು. ದುಡ್ಡು ಹೋದರೆ ಹೋಗಲಿ, ಹೋದ ವರ್ಷಗಳನ್ನು ಯಾರು ಕೊಡುತ್ತಾರೆ? ಎರಡು ತಳಿಯ ಅಳತೆ ಬೆರೆತಿರಬೇಕೆಂದು ಪಟ್ಟಿಯನ್ನು ಬೇರ್ಪಡಿಸಿದೆ. ಎರಡರಲ್ಲೂ ಬೀಜ ಕುಗ್ಗಿತ್ತು.

ಉಳಿದದ್ದು ಚಾಕು. ಕೈಗವಸು ಹಾಕಿಕೊಂಡೇ ಸೀಳಿ. ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತವೆ. ತಿಂಗಳು ತುಂಬಿದ ಹಸಿರು ಬೀಜ ಹೊರಗಿನಿಂದ ದಷ್ಟಪುಷ್ಟ, ಒಳಗೆ ತಿರುಳು ಎಳಸು, ಸುತ್ತಲೂ ಖಾಲಿ ಜಾಗ. 45 ದಿನದ್ದನ್ನು ಸೀಳಿದಾಗ ಎರಡು ಬಿಳಿ ಬೇಳೆಗಳು ಆ ಜಾಗವನ್ನೆಲ್ಲ ತುಂಬಿಕೊಂಡಿದ್ದವು. ನೋಡುತ್ತಾ ಕುಳಿತುಬಿಟ್ಟೆ. ಗಿಡ ಮೊದಲು ಉಗ್ರಾಣ ಕಟ್ಟುತ್ತದೆ, ಸರಕು ಆಮೇಲೆ ತುಂಬುತ್ತದೆ. ತುಂಬುತ್ತಾ ಹೋದಂತೆ ಸಿಪ್ಪೆ ನೀರು ಬಿಟ್ಟು, ಬೂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ ಬಿಗಿಯುತ್ತದೆ. ಆ 3 ಮಿಲಿಮೀಟರ್ ಹೋದದ್ದು ಹಾಗೆ.

ಸರಕಾದರೂ ಎಂಥದ್ದು! ಒಣಗಿದ ತಿರುಳಿನ ತೂಕದಲ್ಲಿ ಅರ್ಧದಷ್ಟು ಕೊಬ್ಬು, ಐದರಲ್ಲೊಂದು ಪಾಲು ಪ್ರೋಟೀನ್, ಉಳಿದದ್ದರಲ್ಲಿ ಹೆಚ್ಚಿನದು ಪಿಷ್ಟ. ಮೊಳಕೆ ತನ್ನ ಕಾಲ ಮೇಲೆ ನಿಲ್ಲುವವರೆಗಿನ ಬುತ್ತಿ ಅದು. ಅಷ್ಟು ದಿನ ಕಡ್ಡಿಯಂತಿದ್ದ ತೊಟ್ಟು ಕೊನೆಯ ಎರಡು ಮೂರು ವಾರಗಳಲ್ಲಿ ಊದಿಕೊಂಡು ನಾವು ಹಣ್ಣೆನ್ನುವ ರಸದ ಮುದ್ದೆಯಾಗುತ್ತದೆ. ಅದರಲ್ಲಿ ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ಇರುವುದು ನೀರು, ಸಕ್ಕರೆ, ಕಿತ್ತಳೆಯನ್ನು ಎಷ್ಟೋ ಪಟ್ಟು ಮೀರಿಸುವ ಸಿ ಜೀವಸತ್ವ, ಮತ್ತೆ ಗಂಟಲು ಹಿಡಿಯುವ ಟ್ಯಾನಿನ್.

ಆ ಟ್ಯಾನಿನ್ ಮೇಲೆ ಈಗ ಕಣ್ಣು ಬಿದ್ದಿದೆ. ಸಬ್ಬಕ್ಕಿ ಗಂಜಿ ಬೆರೆಸಿದರೆ ಒಗರು ತಳಕ್ಕಿಳಿದು ರಸ ತಿಳಿಯಾಗುತ್ತದೆ. ಲೀಟರಿಗೆ ಎಷ್ಟು ಗಂಜಿ ಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ಹಳದಿ, ಕೆಂಪು ಎರಡರಲ್ಲೂ ಬೇರೆ ಬೇರೆಯಾಗಿ ನೋಡಬೇಕು. ಆದರೆ ದಾರ ಕಟ್ಟಿದ 5 ಬೀಜಗಳು ಇನ್ನೂ ಮರದಲ್ಲಿವೆ. ಅವು ತಾವಾಗಿ ಉದುರುವವರೆಗೆ ಮುಟ್ಟುವುದಿಲ್ಲ. ಉದುರಿದ ದಿನವೇ ಬಕೆಟ್ ನೀರಿಗೆ ಹಾಕಿ, ಮುಳುಗಿದವೆಷ್ಟು ತೇಲಿದವೆಷ್ಟು ಎಂದು ಬರೆಯುತ್ತೇನೆ.