ಮಕ್ಕಳಿರುವ ಮನೆ ಇಷ್ಟು ಖಾಲಿ ಹೇಗೆ?

'ಎರಡು ಮಕ್ಕಳು, ಗಂಡ-ಹೆಂಡತಿ ಇಬ್ಬರಿಗೂ ಕೆಲಸ. ಆದರೂ ಮನೆ ಹೇಗೆ ಇಷ್ಟು ನೀಟಾಗಿ ಇಟ್ಟುಕೊಂಡಿದ್ದೀರಿ?' ಬಂದವರೆಲ್ಲ ಕೇಳುತ್ತಾರೆ. ಒಳ್ಳೆಯ ಡಬ್ಬಿ, ಬುಟ್ಟಿ ಎಲ್ಲಿ ಸಿಗುತ್ತದೆ ಅಂತ ಹೇಳುತ್ತೇನೆ ಅನ್ನೋ ನಿರೀಕ್ಷೆ ಇರುತ್ತದೆ. ನಾನು ಹೇಳುವುದು ಉಲ್ಟಾ. ಡಬ್ಬಿ ತರಲೇಬೇಡಿ. ತಂದರೆ ಅದು ತುಂಬುವಷ್ಟು ಸಾಮಾನು ತಾನಾಗಿಯೇ ಬರುತ್ತದೆ.

ನಾನು ನೋಡುವುದು ಒಂದೇ: ಈ ವಸ್ತು ಮನೆಯಿಂದ ಯಾವಾಗ, ಯಾರ ಕೈಗೆ ಹೋಗುತ್ತದೆ? ಅದು ಗೊತ್ತಿಲ್ಲದ ವಸ್ತುಗಳೇ ಅಟ್ಟ ಸೇರುವುದು.

ಜಾಗ ತಿನ್ನುವುದು ಜಾಸ್ತಿ ಬಟ್ಟೆ. ಕೊಡುವುದಕ್ಕೂ ಒಂದು ಕಾಲ ಇದೆ. ವಾರ್ಷಿಕ ಪರೀಕ್ಷೆ ಮುಗಿದ ವಾರವೇ ಯೂನಿಫಾರ್ಮ್ ಹಾಕಿಸಿ ನೋಡುತ್ತೇನೆ. ಬಿಗಿಯಾಗಿದ್ದರೆ ಅದೇ ಶಾಲೆಯಲ್ಲಿ ಚಿಕ್ಕ ತರಗತಿಯಲ್ಲಿರುವ ಮಗುವಿನ ಮನೆಗೆ. ಶಾಲೆ ಶುರುವಾದ ಮೇಲೆ ಕೊಟ್ಟರೆ ಅವರು ಆಗಲೇ ಹೊಸದು ಕೊಂಡಿರುತ್ತಾರೆ, ನಮ್ಮದು ಅವರ ಅಟ್ಟಕ್ಕೆ ಭಾರ. ರೇನ್‌ಕೋಟ್ ಮಳೆಗಾಲಕ್ಕೆ ಮೊದಲೇ, ಸ್ವೆಟರ್ ದೀಪಾವಳಿ ಹೊತ್ತಿಗೆ, ಲಂಗ-ರವಿಕೆ ಗೌರಿ ಹಬ್ಬಕ್ಕೆ ಮುಂಚೆ. ಹರಿದ ಬನಿಯನ್ ಸುಮ್ನೆ ಒರೆಸುವ ಬಟ್ಟೆಯಾಗುತ್ತದೆ. ಮಗಳ ಮೊದಲ ರೇಷ್ಮೆ ಲಂಗ ಮಾತ್ರ ಬೀರುವಿನಲ್ಲೇ ಇದೆ. ಅದರ ಬಗ್ಗೆ ಯಾರೂ ಪ್ರಶ್ನೆ ಕೇಳುವಂತಿಲ್ಲ!

ಔಷಧಿ ಡಬ್ಬಿಯನ್ನು ಬಹಳ ಜನ ಮರೆಯುತ್ತಾರೆ. ಪುಡಿಗೆ ನೀರು ಬೆರೆಸಿ ಕೊಡುವ ಅಮಾಕ್ಸಿಸಿಲಿನ್ ತರದ ಆಂಟಿಬಯೋಟಿಕ್ ಸಿರಪ್ ಬೆರೆಸಿದ ಮೇಲೆ ಸಾಮಾನ್ಯವಾಗಿ 7 ದಿನವಷ್ಟೇ ಬರುತ್ತದೆ. ಡಬ್ಬಿ ಮೇಲಿನ ಎಕ್ಸ್‌ಪೈರಿ ತಾರೀಖು ಒಣ ಪುಡಿಗೆ ಮಾತ್ರ. ಕಣ್ಣಿನ ಡ್ರಾಪ್ಸ್ ಕೂಡ ಹೆಚ್ಚಿನವು ತೆರೆದ ಮೇಲೆ ಸುಮಾರು ಒಂದು ತಿಂಗಳು. ತೆರೆದ ದಿನವೇ ಬಾಟಲಿ ಮೇಲೆ ಪೆನ್ನಿನಲ್ಲಿ ತಾರೀಖು ಬರೆದುಬಿಡಿ. ಆಮೇಲೆ 'ಇಟ್ಟಿರೋಣ, ಬೇಕಾಗಬಹುದು' ಅನ್ನುವ ಚರ್ಚೆಯೇ ಇಲ್ಲ.

ಹಳೆಯ ನೋಟ್‌ಬುಕ್‌ಗಳಲ್ಲಿ ಖಾಲಿ ಹಾಳೆ ಹರಿದುಕೊಂಡು ಉಳಿದದ್ದು ಹಳೇ ಪೇಪರ್ ಅಂಗಡಿಗೆ. ಆದರೆ ಎಸೆಯುವ ಹುಮ್ಮಸ್ಸಿನಲ್ಲಿ ತಾಯಿ ಕಾರ್ಡ್ ಮತ್ತು ಲಸಿಕೆ ಪುಸ್ತಕ ಕಳೆಯಬೇಡಿ. ಮಗು ಶಾಲೆ ಸೇರಿದರೆ ಲಸಿಕೆ ಮುಗಿಯಲಿಲ್ಲ. ಸರ್ಕಾರಿ ವೇಳಾಪಟ್ಟಿಯಲ್ಲಿ 5-6 ವರ್ಷಕ್ಕೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್, 10 ಮತ್ತು 16ನೇ ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ಲಸಿಕೆ) ಇದೆ. ಇವೆಲ್ಲ ಜನನ ಪ್ರಮಾಣಪತ್ರದ ಫೈಲಿನಲ್ಲೇ ಇರಲಿ.

ಆಟದ ಸಾಮಾನು? ಅದನ್ನು ಮಕ್ಕಳೇ ಆರಿಸಬೇಕು. ಅವರು ಶಾಲೆಗೆ ಹೋದಾಗ ಕದ್ದು ಸಾಗಿಸಿದರೆ, ಮುರಿದ ಕಾರನ್ನೂ ಬಿಗಿಯಾಗಿ ಹಿಡಿದುಕೊಳ್ಳುವುದನ್ನು ಕಲಿಯುತ್ತಾರೆ. ಮುರಿದದ್ದರಿಂದ ಬ್ಯಾಟರಿ ತೆಗೆದು ಇ-ತ್ಯಾಜ್ಯಕ್ಕೆ ಕೊಡಿ. ಬಟನ್ ಸೆಲ್ ಅಂತೂ ಮಕ್ಕಳ ಕೈಗೆ ಸಿಗಲೇಬಾರದು, ನುಂಗಿದರೆ ಅನ್ನನಾಳ ಸುಡುತ್ತದೆ. ಬರ್ತ್‌ಡೇಗೆ ನಾವು ಕೊಡುವ ರಿಟರ್ನ್ ಗಿಫ್ಟ್ ತಿನ್ನುವ ವಸ್ತುವೇ. ಇನ್ನೊಬ್ಬರ ಮನೆ ಯಾಕೆ ತುಂಬಿಸಬೇಕು, ಅಲ್ವಾ?

ಅಡುಗೆಮನೆ ಮೇಲಿನ ಸ್ಟೀಲ್ ಪಾತ್ರೆಗಳ ಸಾಲು ನೋಡಿ 'ಇದು?' ಅಂತಲೂ ಕೇಳುತ್ತಾರೆ. ಅದು ನಮ್ಮತ್ತೆಯವರದು. ಅವರು ಕೊಡುತ್ತೇನೆ ಅಂದ ದಿನ ಕೆಳಗಿಳಿಸುತ್ತೇನೆ.