ಗ್ರೀಕ್ ಬರಲ್ಲ, ಗ್ರೀಕ್ ಕಾಮಿಡಿ ನೋಡಿ ಹೇಗೆ ನಗ್ತೀಯ?

ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಟಿವಿಯಲ್ಲಿ ಕಪ್ಪು ಬಿಳುಪು ಸಿನಿಮಾ. ಬೋಳುತಲೆಯ ಸಣಕಲು ಮನುಷ್ಯನೊಬ್ಬ ಓಡುತ್ತಿರುತ್ತಾನೆ. ನಾನು ಬಿದ್ದು ಬಿದ್ದು ನಗುತ್ತಿರುತ್ತೇನೆ. ನಿಜ, ನನಗೆ ಗ್ರೀಕ್ ಬರಲ್ಲ. ಆದರೆ ಅವನು ಯಾಕೆ ಓಡುತ್ತಾನೆ ಅನ್ನೋದು ನೋಡಿದ ಕೂಡಲೇ ಗೊತ್ತಾಗುತ್ತೆ: ಹೊಟ್ಟೆಪಾಡು.

ಓಡುವ ಆ ಹಾಸ್ಯನಟನ ಹೆಸರು ಥನಾಸಿಸ್ ವೆಂಗೋಸ್. ಗ್ರೀಸಿನಲ್ಲಿ ಪುರುಸೊತ್ತಿಲ್ಲದೆ ಅಲೆಯುವವರು ಈಗಲೂ 'ವೆಂಗೋಸ್ ಥರ ಓಡ್ತಿದೀನಿ' ಅನ್ನುತ್ತಾರಂತೆ. 1963ರ ಅವರ ಒಂದು ಸಿನಿಮಾದ ಹೆಸರೇ ಗಾದೆಮಾತು. ಹತ್ತು ಕಸುಬು ಬಲ್ಲವನ ಮನೆ ಪಾಳು ಅಂತ ಅದರ ಅರ್ಥ. ಒಂದು ಕೆಲಸ ಹಿಡಿಯುತ್ತಾನೆ, ಕೆಡಿಸುತ್ತಾನೆ, ಇನ್ನೊಂದಕ್ಕೆ ಓಡುತ್ತಾನೆ. ಯಾರ ಮೇಲೂ ದ್ವೇಷವಿಲ್ಲ. ಎದುರು ಸಿಕ್ಕವರಿಗೆಲ್ಲ 'ಕಲೆ ಮು ಆಂಥ್ರೊಪೆ', ಅಂದರೆ 'ನನ್ನಪ್ಪಾ, ಒಳ್ಳೆಯವನೇ' ಅನ್ನೋ ಥರದ ಮಾತು.

ಈ ಓಟ ಸುಮ್ನೆ ಹುಟ್ಟಿದ್ದಲ್ಲ. ವೆಂಗೋಸ್ ಹುಟ್ಟಿದ್ದು 1927ರಲ್ಲಿ, ಪಿರೇಯಸ್ ಬಂದರಿನ ಪಕ್ಕದಲ್ಲಿ. ರಾಜಕೀಯದ ಕಾರಣಕ್ಕೆ ಅಪ್ಪನ ಕೆಲಸ ಹೋಯಿತು. ಗ್ರೀಸಿನ ಅಂತರ್ಯುದ್ಧದ ಹೊತ್ತಿನಲ್ಲಿ ಎಡಪಂಥೀಯರು ಅಂತ ಅನುಮಾನ ಬಂದವರನ್ನು ಮಕ್ರೋನಿಸೋಸ್ ಅನ್ನೋ ಬರಡು ದ್ವೀಪಕ್ಕೆ ತಳ್ಳುತ್ತಿದ್ದರು. ಇವರೂ ಅಲ್ಲಿದ್ದರು. ಅಲ್ಲೇ ಪರಿಚಯವಾದವರು ನಿಕೋಸ್ ಕುಂದೂರೋಸ್. ಆಮೇಲೆ ನಿರ್ದೇಶಕರಾದ ಕುಂದೂರೋಸ್ 1954ರಲ್ಲಿ ತಮ್ಮ ಮೊದಲ ಸಿನಿಮಾದಲ್ಲಿ ಇವರಿಗೊಂದು ಪಾತ್ರ ಕೊಟ್ಟರು. ನಟನೆಯ ಶಾಲೆಯಲ್ಲ, ಸೆರೆಶಿಬಿರ ಕೊಟ್ಟ ಅವಕಾಶ! ಆಮೇಲೂ ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರಗಳೇ. ಜೊತೆಗೆ ಸೆಟ್ಟಿಗೆ ಬೇಕಾದ ಸಾಮಾನು ಹೊಂದಿಸುವ ಕೆಲಸ.

ಅರವತ್ತರ ದಶಕದಲ್ಲಿ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದರು. ಜೇಮ್ಸ್ ಬಾಂಡ್‌ಗೆ ಅಣಕವಾಗಿ 'ಏಜೆಂಟ್ 000' ಆದರು. ಬೀಳೋದು, ಹಾರೋದು ಎಲ್ಲ ತಾವೇ. ನನ್ನ ಪ್ರಕಾರ ಅವರ ತಲೆಕೆಟ್ಟ, ಅಂದರೆ ಅತ್ಯುತ್ತಮ, ಸಿನಿಮಾಗಳು ಈ ಕಾಲದವೇ. ಆದರೆ ಸಂಸ್ಥೆ ಸಾಲದಲ್ಲಿ ಮುಳುಗಿತು. ತೆರೆಯ ಮೇಲಿನ ಕಥೆಯೇ ಮನೆಗೂ ಬಂತು, ಅಲ್ವಾ?

1971ರಲ್ಲಿ 'ಯುದ್ಧದಲ್ಲಿ ಏನ್ ಮಾಡ್ದೆ ಥನಾಸಿಸ್?' ಬಂತು. ನಿರ್ದೇಶನ ದಿನೋಸ್ ಕತ್ಸುರಿದಿಸ್ ಅವರದು. ನಾಜಿ ಹಿಡಿತದ ಅಥೆನ್ಸ್‌ನಲ್ಲಿ ಹಸಿದ ಒಬ್ಬ ಸಾಮಾನ್ಯನ ಕಥೆ. ಈ ಸಿನಿಮಾ ಬಂದಾಗ ಗ್ರೀಸನ್ನು ಆಳುತ್ತಿದ್ದದ್ದು ಅಲ್ಲಿನದೇ ಸೈನ್ಯ. ತೆರೆಯ ಮೇಲೆ ಜರ್ಮನ್ ಬೂಟು ಕಂಡರೆ ಜನಕ್ಕೆ ಯಾರ ಬೂಟು ನೆನಪಾಗಬೇಕೋ ಅದೇ ನೆನಪಾಗುತ್ತಿತ್ತು. ಥೆಸ್ಸಲೋನಿಕಿ ಚಿತ್ರೋತ್ಸವದಲ್ಲಿ ವೆಂಗೋಸ್‌ಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು.

2011ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ನೂರಕ್ಕೂ ಜಾಸ್ತಿ ಸಿನಿಮಾ. ಎಪಿಡಾರಸ್‌ನ ಪುರಾತನ ಬಯಲು ರಂಗದಲ್ಲಿ ಪ್ರಾಚೀನ ಗ್ರೀಕ್ ಹಾಸ್ಯ ನಾಟಕಕಾರ ಅರಿಸ್ಟೋಫೇನಿಸನ ನಾಟಕವನ್ನೂ ಆಡಿದ್ದರು.

ನೋಡೋದಾದರೆ ಮೊದಲು ಓಟದ ಸಿನಿಮಾಗಳನ್ನೇ ನೋಡಿ. 1995ರ 'ಯುಲಿಸಿಸ್ ಗೇಜ್' ಆಮೇಲೆ ಇರಲಿ. ಆಂಗೆಲೋಪುಲೋಸ್ ನಿರ್ದೇಶಿಸಿದ ಆ ಸಿನಿಮಾದಲ್ಲಿ ವೆಂಗೋಸ್ ವಯಸ್ಸಾದ ಟ್ಯಾಕ್ಸಿ ಡ್ರೈವರ್. ಹಿಮ ಬಿದ್ದ ದಾರಿಯಲ್ಲಿ ಕಾರು ನಿಲ್ಲಿಸಿ, ಸುಮ್ನೆ ನಿಂತುಬಿಡುತ್ತಾರೆ.